ಮೂರು ಕಂಬದ ಕೊಡೆ

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಸಿಕ್ಕಿದ್ದು ಹತ್ತಿ ಗಿರಣಿಗಳ ಕಾಲದಲ್ಲಿ. ಗಿರಣಿಗಳ ಕೂಗು ನಿಂತು ಎಷ್ಟೋ ವರ್ಷವಾಯಿತು. ಬಿರುದನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲ, ನಾವೂ ಕೊಡಲಿಲ್ಲ. ಸ್ವಾಗತ ಭಾಷಣಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ, ಬೆಣ್ಣೆ ದೋಸೆಗಿಂತ ಒಂದು ವಾಕ್ಯ ಮುಂಚೆ.

ನನ್ನ ತಂಗಿಯ ಮಗ ಈ ಬಿರುದನ್ನು ಮನಸ್ಸಿಗೇ ಹಚ್ಚಿಕೊಂಡಿದ್ದಾನೆ. ಇಂಗ್ಲೆಂಡಿನ ಅಸಲಿ ಮ್ಯಾಂಚೆಸ್ಟರ್‌ನ ಫುಟ್‌ಬಾಲ್ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್‌ನ ಪರಮ ಭಕ್ತ. ಮೊನ್ನೆ ಸಂಜೆ ಕೆಂಪು ಜೆರ್ಸಿ ತೊಟ್ಟು, ಮಂಡಕ್ಕಿ ಗಾಡಿಯ ಮುಂದೆ ಮುಖ ಊದಿಸಿಕೊಂಡು ನಿಂತಿದ್ದ.

‘ಯಾಕಲೇ ಅಳಿಯಾ?’

‘ನಮ್ ಸ್ಟೇಡಿಯಂ ಸೋರ್ತೈತಿ ಮಾವ.’

ನನಗೆ ನಗು ಬಂತು. ಇವನು ಚೆಂಡು ಒದೆಯುವ ಮೈದಾನದಲ್ಲಿ ಸೋರುವುದಕ್ಕೆ ಸೂರೇ ಇಲ್ಲ. ಬೆಳಿಗ್ಗೆ ವಾಕಿಂಗಿನವರು, ಹಗಲು ಕ್ರಿಕೆಟ್ಟಿನವರು, ದೀಪಾವಳಿಗೆ ಪಟಾಕಿ ಮಳಿಗೆಯವರು, ಚುನಾವಣೆ ಬಂತೆಂದರೆ ಪೆಂಡಾಲಿನವರು. ಇವರೆಲ್ಲ ಬಿಟ್ಟುಕೊಟ್ಟ ದಿನ ಫುಟ್‌ಬಾಲು. ಪೆಂಡಾಲಿನ ಗೂಟ ಕಿತ್ತ ಗುಂಡಿಯಲ್ಲಿ ಇವನ ಕಾಲು ಎರಡು ಸಲ ಉಳುಕಿದೆ. ಆಗೆಲ್ಲ ಇಷ್ಟು ಸಪ್ಪಗಾಗಿರಲಿಲ್ಲ.

ಆಮೇಲೆ ತಿಳಿಯಿತು, ‘ನಮ್’ ಅಂದರೆ ಯುನೈಟೆಡ್‌ನವರ ಸ್ಟೇಡಿಯಂ, ಓಲ್ಡ್ ಟ್ರಾಫರ್ಡ್. 1910ರ ಫೆಬ್ರುವರಿಯಲ್ಲಿ ಬಾಗಿಲು ತೆರೆದದ್ದು. ಮೊದಲ ಪಂದ್ಯದಲ್ಲೇ ಲಿವರ್‌ಪೂಲ್ 4-3ರಿಂದ ಗೆದ್ದು ಗೃಹಪ್ರವೇಶ ಕೆಡಿಸಿತ್ತು. 1941ರಲ್ಲಿ ಜರ್ಮನ್ ವಿಮಾನಗಳು ಬಾಂಬು ಹಾಕಿ ಸ್ಟ್ಯಾಂಡನ್ನು ಪುಡಿ ಮಾಡಿದವು. ರಿಪೇರಿಯಾಗಿ ಮತ್ತೆ ಆಟ ಶುರುವಾಗಿದ್ದು 1949ಕ್ಕೆ. ಹಿಟ್ಲರನಿಗೇ ಬಗ್ಗದ ಕಟ್ಟಡವನ್ನು ಮುದಿ ಮಾಡಿದ್ದು ಅದರ ಮಾಲೀಕರು. 2024ರ ಮೇ 12ರಂದು ಆರ್ಸೆನಲ್ ವಿರುದ್ಧದ ಪಂದ್ಯ ಮುಗಿಯುವ ಹೊತ್ತಿಗೆ ಬಂದ ಮಳೆ, ಸೂರಿನಿಂದ ಜೋಗದ ಧಾರೆಯಂತೆ ಸೀಟುಗಳ ಮೇಲೆ ಸುರಿಯಿತು. ಅಳಿಯ ಆ ವಿಡಿಯೊವನ್ನು ನನಗೆ ನಾಲ್ಕು ಸಲ ತೋರಿಸಿದ. ನಾಲ್ಕನೆಯ ಸಲ ಗಾಡಿಯವನೂ ಮಿರ್ಚಿ ಎತ್ತುವ ಜಾಲರಿ ಹಿಡಿದುಕೊಂಡೇ ಬಗ್ಗಿ ನೋಡಿದ. ‘ಓಡು ಸರಿದಿರಬೇಕು’ ಅಂದ.

ಓಡು ಸರಿದದ್ದಲ್ಲ. ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ಈ ಕ್ಲಬ್ಬನ್ನು ಕೊಂಡಿತು. ಕೊಳ್ಳಲು ಎತ್ತಿದ ಸಾಲದಲ್ಲಿ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಅರ್ಥವಾಗಬೇಕೆಂದರೆ ಹೀಗೆ: ಸಾಲ ಮಾಡಿ ಎಮ್ಮೆ ತಂದು, ಕಂತು ಎಮ್ಮೆಯೇ ಕಟ್ಟಲಿ ಅಂದ ಹಾಗೆ. ಹಾಲು ಡೈರಿಗೆ, ದುಡ್ಡು ಬ್ಯಾಂಕಿಗೆ. ಕೊಟ್ಟಿಗೆ ಸೋರಿದರೆ ನೆನೆಯುವುದು ಎಮ್ಮೆ ತಾನೆ? ಇಂಥ ಲೆಕ್ಕ ಹಾಕುವವರು ನಮ್ಮ ಎಪಿಎಂಸಿ ಯಾರ್ಡಿನಲ್ಲೂ ಇಲ್ಲ.

‘ಹಳೇದನ್ನೇ ರಿಪೇರಿ ಮಾಡಿ ದೊಡ್ಡದು ಮಾಡಬಹುದಲ್ಲ?’ ಅಂದೆ.

‘ಒಂದು ಸ್ಟ್ಯಾಂಡಿನ ಹಿಂದೆ ರೈಲ್ವೆ ಲೈನ್ ಐತಿ ಮಾವ.’

ಇದೊಂದು ಮಾತಿಗೆ ಮ್ಯಾಂಚೆಸ್ಟರ್ ನನಗೆ ನೆಂಟರ ಊರಿನಂತೆ ಕಂಡಿತು. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸೈಕಲ್ಲಿನ ಮೇಲೆ ಒಂಟಿಗಾಲಲ್ಲಿ ನಿಂತೇ ದೊಡ್ಡವನಾದವನು ನಾನು. ಹಳಿ ಎದುರಾದರೆ ಅಭಿವೃದ್ಧಿ ಎಷ್ಟು ಹೊತ್ತು ನಿಲ್ಲುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಸರಿ, ಏನು ಮಾಡುವುದೆಂದು ನೋಡಲು ಒಂದು ಸಮಿತಿ ಮಾಡಿದರಂತೆ. ಅಧ್ಯಕ್ಷರು ಸೆಬಾಸ್ಟಿಯನ್ ಕೋ, ಓಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಇಲ್ಲಿ ನನಗೆ ಸ್ವಲ್ಪ ಗೊಂದಲವಾಯಿತು. ನಮ್ಮಲ್ಲಿ ಸಮಿತಿ ಎಂದರೆ ಕೂರುವುದು. ಓಡುವವರನ್ನು ತಂದು ಕೂರಿಸಿದರೆ ಅವರಿಗೂ ಕಷ್ಟ, ಕುರ್ಚಿಗೂ ಕಷ್ಟ.

ಅಂತೂ 2025ರ ಮಾರ್ಚ್‌ನಲ್ಲಿ ಹೊಸ ಸ್ಟೇಡಿಯಂನ ಚಿತ್ರ ಹೊರಬಂತು. ಒಂದು ಲಕ್ಷ ಸೀಟು. 2 ಬಿಲಿಯನ್ ಪೌಂಡ್, ನಮ್ಮ ದುಡ್ಡಿನಲ್ಲಿ 20,000 ಕೋಟಿಗೂ ಮೇಲೆ. ನಕ್ಷೆ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಸಂಸ್ಥೆಯದು. ಸ್ಟೇಡಿಯಂ ಮೇಲೊಂದು ಭಾರಿ ಕೊಡೆ, ಕೊಡೆಗೆ 200 ಮೀಟರ್ ಎತ್ತರದ ಮೂರು ಕಂಬ. ಕಟ್ಟಡದ 160 ತುಂಡುಗಳನ್ನು ಬೇರೆಡೆ ಮಾಡಿಸಿ, ಮ್ಯಾಂಚೆಸ್ಟರ್ ಹಡಗು ಕಾಲುವೆಯಲ್ಲಿ ತೇಲಿಸಿ ತಂದು, 5 ವರ್ಷದಲ್ಲಿ ಜೋಡಿಸುವುದಂತೆ. 1894ರಲ್ಲಿ ತೆರೆದ ಆ ಕಾಲುವೆಯಲ್ಲಿ ಒಂದು ಕಾಲಕ್ಕೆ ಅರಳೆ ಬರುತ್ತಿತ್ತು. ಗಿರಣಿಗಳು ಅಲ್ಲೂ ಮುಚ್ಚಿದವು, ಪಾಪ.

ಇಷ್ಟೇ ಆಗಿದ್ದರೆ ಶ್ರೀಮಂತರ ಶೋಕಿ ಎಂದು ಸುಮ್ಮನಿರಬಹುದಿತ್ತು. ಆದರೆ ಕ್ಲಬ್ಬಿನಲ್ಲಿ ಪಾಲು ಕೊಂಡು ಬಂದ ಹೊಸ ಯಜಮಾನರು ಸರ್ ಜಿಮ್ ರ‍್ಯಾಟ್‌ಕ್ಲಿಫ್ ಅದೇ ಹೊತ್ತಿಗೆ ಖರ್ಚು ಕಡಿಮೆ ಮಾಡಲು ಹೊರಟಿದ್ದರು. ಮೊದಲು 250 ಕೆಲಸ ಹೋದವು, ಆಮೇಲೆ ಇನ್ನೂ 200ರವರೆಗೆ ಎಂಬ ಮಾತು ಬಂತು. ಓಲ್ಡ್ ಟ್ರಾಫರ್ಡ್‌ನಲ್ಲಿ ಸಿಬ್ಬಂದಿಗೆ ಕೊಡುತ್ತಿದ್ದ ಪುಕ್ಕಟೆ ಊಟ ನಿಲ್ಲಿಸಿ ಹಣ್ಣು ಇಟ್ಟರು. ಹೊಟ್ಟೆಗೆ ಬಾಳೆಹಣ್ಣು, ಜುಟ್ಟಿಗೆ 20,000 ಕೋಟಿಯ ಕೊಡೆ! ಐಶ್ವರ್ಯ ಬಂದವನು ಅರ್ಧರಾತ್ರಿಯಲ್ಲಿ ಕೊಡೆ ಹಿಡಿದದ್ದನ್ನು ಕೇಳಿದ್ದೆವು. ಅಡುಗೆಮನೆ ಬಾಗಿಲು ಹಾಕಿ ಕೊಡೆ ಬಿಚ್ಚಿದವರನ್ನು ನಾನು ನೋಡಿದ್ದು ಇದೇ ಮೊದಲು.

ಆಟವೋ? 2024–25ರ ಲೀಗಿನಲ್ಲಿ ತಂಡ 15ನೇ ಸ್ಥಾನದಲ್ಲಿ ನಿಂತಿತು. ಇದನ್ನು ಹೇಳುವಾಗ ಅಳಿಯ ಮಂಡಕ್ಕಿ ಪೊಟ್ಟಣದ ಕಡೆ ನೋಡುತ್ತಿದ್ದ.

‘ಅಲ್ಲಲೇ, ಒಂದು ಲಕ್ಷ ಜನಕ್ಕೆ ಈ ಆಟ ತೋರಿಸ್ಬೇಕೇನು?’

‘ಮಾವ, ಆ ಕೊಡೆ ಮಳೆನೀರು ಹಿಡಿದಿಡ್ತೈತಿ.’

ಇದಕ್ಕೆ ಮಾತ್ರ ತಲೆಬಾಗಿದೆ. ಸೋರಿದ್ದೇ ತಪ್ಪಲ್ಲ, ಸೋರಿದ್ದನ್ನು ಹಿಡಿದಿಡಲಿಲ್ಲವಲ್ಲ ಎಂಬುದೇ ತಪ್ಪು! ನಮ್ಮವ್ವ ಪ್ರತಿ ಮಳೆಗಾಲದಲ್ಲಿ ಹಿತ್ತಾಳೆ ಬೋಗುಣಿ ಇಟ್ಟು ಮಾಡುತ್ತಿದ್ದದ್ದು ಅದನ್ನೇ. ನಾರ್ಮನ್ ಫಾಸ್ಟರ್ ಸಂಸ್ಥೆಗೆ ಅವ್ವನ ವಿಳಾಸ ಗೊತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದವು. ಗಾಡಿಯವನು ಕೆಳಗೆ ಸುತ್ತಿಟ್ಟಿದ್ದ ನೀಲಿ ಟಾರ್ಪಾಲು ಎಳೆದು, ಮೂರು ಬಿದಿರು ಗಳಕ್ಕೆ ಕಟ್ಟಿದ. ಎರಡೇ ನಿಮಿಷ. ಮಂಡಕ್ಕಿಯ ಡಬ್ಬಿ ಒಳಗೆ, ನಾವು ಮೂವರೂ ಒಳಗೆ, ಒಂದು ಬೀದಿ ನಾಯಿಯೂ ಒಳಗೆ. ನಡುವೆ ನೀರು ತುಂಬಿ ಹೊಟ್ಟೆ ಬಿಟ್ಟಿತು. ಅವನು ಜಾಲರಿಯ ಹಿಡಿಯಿಂದ ಮೆಲ್ಲಗೆ ಮೇಲಕ್ಕೆ ತಿವಿದ. ನೀರೆಲ್ಲ ಅಂಚಿನಲ್ಲಿ ನಿಂತಿದ್ದ ಕೆಂಪು ಜೆರ್ಸಿಯ ಬೆನ್ನಿಗೆ.

ಅಳಿಯ ಬೆನ್ನು ಒರೆಸಿಕೊಳ್ಳುತ್ತ ಹೊಸ ಸ್ಟೇಡಿಯಂನ ಚಿತ್ರವನ್ನು ಗಾಡಿಯವನಿಗೂ ತೋರಿಸಿದ. ಅವನು ಕೈ ಒರೆಸಿಕೊಂಡು, ಫೋನ್ ತಗೊಂಡು, ಮೂರು ಕಂಬವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ. ರೇಟು ಕೇಳಿದ. ಅಳಿಯ ಹೇಳಿದ.

‘ಲೇಬರ್ ಸೇರಿಯೋ, ಬಿಟ್ಟೋ?’

ಅಳಿಯ ಇನ್ನೂ ಹುಡುಕುತ್ತಿದ್ದಾನೆ.