ಉಗುಳಿದವರಿಗೆ ಮನ್ನಾ, ಬಾಕಿದಾರರಿಗೆ ಜಪ್ತಿ

ಧಾರವಾಡದ ಸಪ್ತಾಪುರದಲ್ಲಿ ಅಂಚೆ ಪೆಟ್ಟಿಗೆಯ ಬಣ್ಣ ಯಾವುದೆಂದು ತಿಳಿಯಬೇಕಾದರೆ ಮೊದಲು ಜಾಹೀರಾತಿನ ಕಾಗದ ಕೆರೆಯಬೇಕು. ಮೇಲೆ ಕೆಎಎಸ್ ತರಬೇತಿ, ಅದರಡಿ ಪಿಎಸ್‌ಐ ತರಬೇತಿ, ಅದರಡಿ ಹುಡುಗಿಯರ ಪಿಜಿ, ಮನೆಯೂಟ ಉಂಟು. ಬುಡದಲ್ಲಿ ಮಾತ್ರ ಕೆಂಪು ಧಾರಾಳವಾಗಿ ಕಾಣುತ್ತದೆ. ಅದು ಇಲಾಖೆ ಬಳಿಸಿದ್ದಲ್ಲ, ಗುಟ್ಕಾಪ್ರಿಯರ ಉಚಿತ ಸೇವೆ.

1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯಲ್ಲಿ ಇವೆಲ್ಲ ಅಪರಾಧಗಳಾಗಿದ್ದವು. ಪೆಟ್ಟಿಗೆಗೆ ಜಾಹೀರಾತು ಅಂಟಿಸಿದರೆ 63ನೇ ಕಲಮಿನಡಿ ಐವತ್ತು ರೂಪಾಯಿವರೆಗೆ ದಂಡ. ಹೊಲಸನ್ನೋ ದ್ರವವನ್ನೋ ಹಾಕಿದರೆ 62ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ. ಉಗುಳೂ ದ್ರವವೇ ಎಂದು ಯಾರಾದರೂ ಅಧಿಕಾರಿ ಹಟ ಹಿಡಿದಿದ್ದರೆ ಧಾರವಾಡದ ಕಾರಾಗೃಹಕ್ಕೆ ಇನ್ನೆರಡು ಮಹಡಿ ಏರಿಸಬೇಕಾಗುತ್ತಿತ್ತು.

ಐವತ್ತು ರೂಪಾಯಿ ಎಂದರೆ ಆ ಕಾಯ್ದೆಗೆ ಬಲು ಪ್ರೀತಿ. ಟಪಾಲು ಹೊತ್ತವನು ಕುಡಿದು ತೂರಾಡಿದರೂ ಐವತ್ತು, ಕುಡಿಯದೆ ದಾರಿಯಲ್ಲಿ ಹರಟುತ್ತ ಕುಳಿತರೂ ಐವತ್ತು. ಅಂಚೆಯನ್ನು ಬಿಟ್ಟು ಬೇರೆಯವರ ಕೈಯಲ್ಲಿ ಹಣಕ್ಕೆ ಪತ್ರ ಕಳಿಸಿದರೆ ಕೊಟ್ಟವನಿಗೂ ಒಯ್ದವನಿಗೂ ಪತ್ರಕ್ಕೆ ಐವತ್ತು. ಹುಬ್ಬಳ್ಳಿಯಲ್ಲಿ ಗದಗದ ಬಸ್ಸಿನ ಕಿಟಕಿಯಿಂದ ಲಕೋಟೆಯನ್ನೂ ಚಹಾದ ಕಾಸನ್ನೂ ಒಳಗೆ ತೂರಿಸಿ, "ನಿಲ್ದಾಣದಲ್ಲಿ ನಮ್ಮ ತಮ್ಮ ನಿಂತಿರುತ್ತಾನೆ, ಕೊಟ್ಟುಬಿಡಿರಿ ಅಣ್ಣಾ" ಎಂದವರೆಲ್ಲ ಕಾನೂನಿನ ಕಣ್ಣಲ್ಲಿ ಕಳ್ಳಸಾಗಣೆದಾರರು! ಕೊರಿಯರ್‌ನವರು ಜಾಣರು. ಪತ್ರವನ್ನು "ಡಾಕ್ಯುಮೆಂಟ್" ಎಂದು ಬರೆದುಕೊಂಡು ಪಾರಾದರು. ಶತಮಾನ ದಾಟಿ ಪೇಢೆಯ ದರ ಎಲ್ಲಿಗೆ ಮುಟ್ಟಿದರೂ ಈ ಐವತ್ತು ಮಾತ್ರ ಐವತ್ತಾಗಿಯೇ ಉಳಿಯಿತು.

ಕೊನೆಗೆ ಸರಕಾರಕ್ಕೆ ಜನರ ಮೇಲೆ ಭರವಸೆ ಹುಟ್ಟಿತು. 2023ರ ಜನ ವಿಶ್ವಾಸ ಕಾಯ್ದೆ ಈ ಅಪರಾಧಗಳನ್ನೆಲ್ಲ ಗುಡಿಸಿ ಹಾಕಿತು. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯ್ದೆ, ಹಳೆಯ ಕಾಯ್ದೆಯನ್ನೇ ಮನೆಗೆ ಕಳಿಸಿತು. ಅಂಟಿಸಿದವರು, ಉಗುಳಿದವರು ಪಾರಾದದ್ದಿರಲಿ. ನಿಮ್ಮ ಪತ್ರವನ್ನು ಅಂಚೆಯ ನೌಕರನೇ ಅಕ್ರಮವಾಗಿ ಒಡೆದು ಓದಿದರೆ ಎರಡು ವರ್ಷದವರೆಗೆ ಸೆರೆ ಎಂದಿದ್ದ 53ನೇ ಕಲಮೂ ಅದೇ ಕಸದ ಜೊತೆ ಹೋಯಿತು. (ಕಳವಿಗೆ ಬೇರೆ ಕಾನೂನುಗಳಿವೆ, ಒಪ್ಪಿದೆ. ಆದರೆ ಓದಿ, ಮೊದಲಿನಂತೆಯೇ ಅಂಟು ಹಚ್ಚಿ ತಲುಪಿಸುವ ಸಜ್ಜನನಿಗೆ?) ಸರಕಾರ ತಾನು ಒಡೆದು ನೋಡುವ ಅಧಿಕಾರವನ್ನು ಮಾತ್ರ ಹೊಸ ಕಾಯ್ದೆಯ 9ನೇ ಕಲಮಿನಲ್ಲಿ ಭದ್ರವಾಗಿ ಇಟ್ಟುಕೊಂಡಿದೆ.

ಹಾಗಾದರೆ ಹೊಸ ಕಾಯ್ದೆ ಯಾರ ಬೆನ್ನು ಹತ್ತುತ್ತದೆ? ಅಂಚೆಯ ಶುಲ್ಕ ಕೊಡದವರನ್ನು. ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಕರವಸೂಲಿ ಎಂದರೇನೆಂದು ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತದ್ದೇ ಮಲಪ್ರಭೆಯ ಹೆಸರಿನಲ್ಲಿ ಹೇರಿದ ಕರದ ವಿರುದ್ಧ. ಈಗ ಹತ್ತಿಪ್ಪತ್ತು ರೂಪಾಯಿಯ ಅಂಚೆಚೀಟಿಗೂ ಅದೇ ಮರ್ಯಾದೆ. ಲಕೋಟೆಗೆ ಚೀಟಿ ಕಡಿಮೆ ಹಚ್ಚಿದ ಅಣ್ಣಿಗೇರಿಯ ಅಜ್ಜನ ಅಂಗಳಕ್ಕೆ ಕಂದಾಯ ಇಲಾಖೆಯ ಜೀಪು ಬಂದು, ಎಮ್ಮೆ ಜಪ್ತಿ ಮಾಡಬೇಕೋ ಕೊಟ್ಟಿಗೆ ಜಪ್ತಿ ಮಾಡಬೇಕೋ ಎಂದು ಪಂಚನಾಮೆ ಬರೆಯುವ ದಿನವನ್ನು ನಾನು ಕಾಯುತ್ತಿದ್ದೇನೆ.

ಅಜ್ಜ ಹೆದರಬೇಕಾಗಿಲ್ಲ. ಜಪ್ತಿಗೆ ಮುಂಚೆ ನೋಟಿಸು ಬರಬೇಕು, ಬರುವುದು ಅಂಚೆಯಲ್ಲೇ. ಅದು ತಡವಾದರೆ, ಕಳೆದುಹೋದರೆ, ಪಕ್ಕದ ಓಣಿಯವರ ಮನೆಗೆ ಬಿದ್ದರೆ ನಿಯಮಗಳು ಹೇಳಿದಷ್ಟನ್ನು ಬಿಟ್ಟು ಅಂಚೆ ಕಚೇರಿ ಹೊಣೆಯಲ್ಲವೆಂದು 10ನೇ ಕಲಂ ಈಗಾಗಲೇ ಅಭಯ ಕೊಟ್ಟಿದೆ.