ಬೇವಿನ ಸೊಪ್ಪೊಂದೇ ಸಾಲದು

'ಕಾಳಿನ ಚೀಲಕ್ಕೆ ನಾಲ್ಕು ಹಿಡಿ ಬೇವಿನ ಸೊಪ್ಪು ಹಾಕಿದರೆ ವರ್ಷವಿಡೀ ಹುಳ ಬರುವುದಿಲ್ಲ' ಎಂಬ ಲೇಖನವೊಂದರ ಮಾತು ಒಪ್ಪುವಂಥದ್ದಲ್ಲ. ಅಲಸಂದೆ, ಹೆಸರು, ತೊಗರಿಗೆ ಕುಟ್ಟೆಹುಳ ಎಷ್ಟೋ ಸಲ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನೊಳಗೆ ಕೊರೆದುಕೊಂಡು ಹೋದ ಮೇಲೆ ಸೊಪ್ಪಿನ ವಾಸನೆ ಅದನ್ನು ಏನೂ ಮಾಡದು. ಮೊದಲು ಚೆನ್ನಾಗಿ ಒಣಗಿಸಿ: ಕಚ್ಚಿದರೆ ಕಟ್ಟೆಂದು ಒಡೆಯಬೇಕು, ತೇವ ಶೇ 10ಕ್ಕಿಂತ ಕಡಿಮೆ ಇರಬೇಕು. ಬಿಸಿಲಿನಿಂದ ತೆಗೆದದ್ದು ಪೂರ್ತಿ ಆರಿದ ಮೇಲೇ ತುಂಬಿ, ಇಲ್ಲದಿದ್ದರೆ ಚೀಲದೊಳಗೆ ಬೆವರುತ್ತದೆ. ಹಸಿ ಸೊಪ್ಪು ಹಾಕುವವರಂತೂ ತಾವೇ ತೇವ ಸೇರಿಸಿ ಬೂಷ್ಟು ಹಿಡಿಸುತ್ತಾರೆ. ಸೊಪ್ಪು ನೆರಳಲ್ಲಿ ಗರಿಗರಿಯಾಗಿ ಒಣಗಿರಲೇಬೇಕು.

ಬೇವಿನ ಶಕ್ತಿ ಹೆಚ್ಚಿರುವುದು ಬೀಜದ ತಿರುಳಿನಲ್ಲಿ. ಬಿತ್ತನೆ ಕಾಳಿಗೆ ಕ್ವಿಂಟಲ್‌ಗೆ 1–2 ಕೆ.ಜಿ. ತಿರುಳಿನ ಪುಡಿ ಅಥವಾ 1 ಕೆ.ಜಿ. ಬಜೆ ಪುಡಿ ಬೆರೆಸಬಹುದು. ಬಜೆ ಬೆರೆಸಿದ್ದನ್ನು ದಯವಿಟ್ಟು ಅಡುಗೆಗೆ ಬಳಸಬೇಡಿ. ಅದರಲ್ಲಿರುವ ಅಸರೋನ್ ಎಂಬ ರಾಸಾಯನಿಕ ಇಲಿಗಳ ಮೇಲಿನ ಪ್ರಯೋಗದಲ್ಲಿ ಕ್ಯಾನ್ಸರ್ ಗೆಡ್ಡೆ ತರಿಸಿದೆ. ತಿನ್ನುವ ಕಾಳಿಗೆ ಕೆ.ಜಿ.ಗೆ 5 ಮಿ.ಲೀ. ಕಡಲೆಕಾಯಿ ಎಣ್ಣೆ ಸಾಕು. ಸುಮ್ಮನೆ ಮೇಲೆ ಸುರಿದರೆ ಆಗದು, ಪ್ರತಿ ಕಾಳಿಗೂ ಹತ್ತುವಂತೆ ಅಂಗೈಯಲ್ಲಿ ಉಜ್ಜಬೇಕು. ಸಿಪ್ಪೆಗೆ ಅಂಟಿದ ಮೊಟ್ಟೆಗೆ ಗಾಳಿ ಸಿಗದಂತೆ ಮಾಡುವುದೇ ಎಣ್ಣೆಯ ಕೆಲಸ. ಎಣ್ಣೆ ತಾಗದ ಕಾಳಿನಿಂದ ತಿಂಗಳೊಳಗೆ ಮುಂದಿನ ಪೀಳಿಗೆ ಹೊರಡುತ್ತದೆ. ರಾಗಿಗೆ ಇಷ್ಟೆಲ್ಲ ಬೇಡ. ಹಳೇ ಗೋಣಿಚೀಲವನ್ನೇ ಮತ್ತೆ ಬಳಸುವುದಾದರೆ ಕುದಿಯುವ ನೀರಲ್ಲಿ ಅದ್ದಿ ಒಣಗಿಸಿ, ಹೊಲಿಗೆಯ ಸಂದಿನಲ್ಲೇ ಹುಳ ಅಡಗಿರುತ್ತದೆ.