ವೈಟ್ ಸಾಸೂ ಸಿನಿಮಾ ಪೋಸ್ಟರೂ

ನಮ್ಮ ಮನೆಯ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಏಳು ವರ್ಷದಲ್ಲಿ ಅದರೊಳಗೆ ಬೆಂದಿದ್ದು ಎರಡು ಕೇಕ್, ಅದೂ ಒಂದೂವರೆ ಅನ್ನಬೇಕು. ಉಳಿದಂತೆ ಅದು ನಮ್ಮ ಅಡುಗೆಮನೆಯ ಬೀರು. ಗಾಜಿನ ಬಾಗಿಲು ಇರುವುದರಿಂದ ಒಳಗೆ ಏನಿದೆ ಅಂತ ಕಾಣಬೇಕು. ಆದರೆ ನಾವು ನೋಡುವುದಿಲ್ಲ.

ಮೊನ್ನೆ ಅಕ್ಟೋಬರ್ 31ರ ಸಂಜೆ ಮಗಳು ಬೇಕ್ಡ್ ಪಾಸ್ತಾ ಬೇಕು ಅಂದಳು. ಗೆಳತಿಯ ಬರ್ತ್‌ಡೇಯಲ್ಲಿ ತಿಂದು ಬಂದಿದ್ದಳು. ಹೆಂಡತಿ ತವರಿಗೆ ಹೋಗಿದ್ದಳು. ತಡೆಯುವವರು ಯಾರೂ ಇಲ್ಲದ್ದರಿಂದ ನಾನು ಒಪ್ಪಿಬಿಟ್ಟೆ.

ಅಮ್ಮ ಕನ್ನಡಕ ಏರಿಸಿಕೊಂಡು ಪಾಸ್ತಾ ಪ್ಯಾಕೆಟ್ ಓದಿದರು. ಡ್ಯೂರಮ್ ಗೋಧಿಯ ರವೆ ಅಂತ ಬರೆದಿತ್ತು. "ರವೆನೇ ಅಲ್ವೇನೋ ಇದು? ಹತ್ತು ನಿಮಿಷದಲ್ಲಿ ಉಪ್ಪಿಟ್ಟು ಕೆದಕಬಹುದಿತ್ತು. ಇದಕ್ಕೆ ತೂತು ಕೊರೆದು, ಒಣಗಿಸಿ, ಆಮೇಲೆ ಬೇಯಿಸ್ಬೇಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂದ ಪಾಸ್ತಾ ಬಸಿಯುವಾಗ ಮತ್ತೆ ಬಂದರು. ಗಂಜಿ ಚೆಲ್ಲಬೇಡ, ಕಾಟನ್ ಸೀರೆ ಎರಡಿದೆ ಅಂದರು. ಅದರಲ್ಲಿ ಉಪ್ಪಿದೆ ಅಂತ ಹೇಳಿದ ಮೇಲೆ ಸೀರೆಗಳು ಬಚಾವಾದವು.

ಇನ್ನು ವೈಟ್ ಸಾಸ್. ಲೆಕ್ಕ ಸುಲಭ. ಎರಡು ಚಮಚ ಬೆಣ್ಣೆ, ಎರಡು ಚಮಚ ಮೈದಾ, ಎರಡು ಲೋಟ ಹಾಲು. ಬೆಣ್ಣೆಯಲ್ಲಿ ಮೈದಾವನ್ನು ಹಸಿ ವಾಸನೆ ಹೋಗುವ ತನಕ ಹುರಿಯಬೇಕು, ಕೆಂಪಾಗಬಾರದು. ಇಲ್ಲಿಯವರೆಗೆ ನಾನು ಪಾಸು. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕದಡುತ್ತಾ ಹೋಗಬೇಕಂತೆ. ನಾನು ಎರಡೂ ಲೋಟವನ್ನು ಒಟ್ಟಿಗೆ ಸುರಿದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗೋಲಿ ಗಾತ್ರದ ಗಂಟುಗಳು ಒಂದೊಂದೇ ಮೇಲೆ ಬಂದವು. ಸೌಟಿನಲ್ಲಿ ಒತ್ತಿದರೆ ಒಡೆದು ಒಳಗಿಂದ ಒಣ ಮೈದಾ ಪುಡಿ ಇಣುಕುತ್ತಿತ್ತು. ಉಳಿದದ್ದು ಸೌಟಿಗೆ ಕಚ್ಚಿಕೊಂಡಿತು. ಸೌಟು ಎತ್ತಿದರೆ ಪಾತ್ರೆಯೂ ಮೇಲೆ ಬಂತು.

"ಅಂಬಲಿ ಮಾಡೋಕೆ ಬರೋ ಯಾರಾದ್ರೂ ಹೀಗೆ ಮಾಡ್ತಾರೇನೋ?" ಅಂದರು ಅಮ್ಮ. ಪಾತ್ರೆಯೊಳಗೆ ಇನ್ನೊಮ್ಮೆ ಇಣುಕಿ, "ಇದು ಟೆಂಟ್ ಸಿನಿಮಾದವರು ಪೋಸ್ಟರ್ ಅಂಟಿಸ್ತಿದ್ದ ಸರಿ ಕಣೋ" ಅಂತ ತೀರ್ಪು ಕೊಟ್ಟರು. ಹೌದಲ್ಲ! ನಮ್ಮೂರಿನಲ್ಲಿ ಸೈಕಲ್ಲಿಗೆ ಬಕೆಟ್ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. ಬಕೆಟ್ ತುಂಬ ಬೇಯಿಸಿದ ಮೈದಾ. ಗೋಡೆಗೆ ಬಳಿದು ಪೋಸ್ಟರ್ ಹಚ್ಚಿ ಅವನು ತಿರುವು ದಾಟುವಷ್ಟರಲ್ಲಿ ದನಗಳು ಬಂದು ನಾಯಕನ ಕಾಲಿನಿಂದ ಶುರುಮಾಡುತ್ತಿದ್ದವು.

ನಾನೂ ಸುಮ್ನೆ ಬಿಡಲಿಲ್ಲ. ಇದಕ್ಕೆ ಬೆಶಮೆಲ್ ಅಂತ ಹೆಸರು, ಫ್ರಾನ್ಸಿನ ದೊರೆ 14ನೇ ಲೂಯಿಯ ಅರಮನೆಯ ಅಧಿಕಾರಿಯೊಬ್ಬನ ಹೆಸರನ್ನೇ ಇಟ್ಟಿದ್ದಾರೆ ಅಂದೆ. "ಅರಮನೇಲೂ ಪೋಸ್ಟರ್ ಅಂಟಿಸ್ತಿದ್ರಾ?" ಅಂತ ಕೇಳಿ ಅಮ್ಮ ಟೀವಿ ಮುಂದೆ ಕೂತರು.

ಗಂಟಿನ ಪಾತ್ರೆ ಪಕ್ಕಕ್ಕಿಟ್ಟು ಎರಡನೇ ಸಲ ಮಾಡಿದೆ. ಈ ಸಲ ಹಾಲನ್ನು ಔಷಧಿ ಥರ ಚಮಚದಲ್ಲಿ ಹಾಕಿದೆ. ನಯವಾಗಿ ಬಂತು. ಫ್ರಿಜ್ ಬಾಗಿಲಲ್ಲಿ ಎರಡು ವರ್ಷದಿಂದ ಕೂಡಿಟ್ಟಿದ್ದ ಪಿಜ್ಜಾದ ಆರಿಗಾನೊ ಪೊಟ್ಟಣಗಳಿಗೂ ಕೊನೆಗೆ ಮುಕ್ತಿ ಸಿಕ್ಕಿತು. ಪಾಸ್ತಾ ಬೆರೆಸಿ, ಗಾಜಿನ ಬೋಗುಣಿಗೆ ಹಾಕಿ, ಮೇಲೆ ಚೀಸ್ ತುರಿದೆ. ಓಟಿಜಿಯನ್ನು 180 ಡಿಗ್ರಿಗೆ ತಿರುಗಿಸಿ ಹತ್ತು ನಿಮಿಷ ಕಾಯಲು ಬಿಟ್ಟಿದ್ದೆ.

ಐದನೇ ನಿಮಿಷಕ್ಕೆ ಮನೆಯೆಲ್ಲ ಘಮ ಘಮ. ಪಾಸ್ತಾ ಇನ್ನೂ ಕಟ್ಟೆ ಮೇಲೇ ಇದೆ! ಬಾಗಿಲು ತೆಗೆದರೆ ಒಳಗೆ ಅಮ್ಮ ಬೇಸಿಗೆಯಲ್ಲಿ ಇಟ್ಟ ಸಂಡಿಗೆ. ಅರ್ಧ ಕಂದು, ಅರ್ಧ ಕಪ್ಪು. ಪ್ಲಾಸ್ಟಿಕ್ ಕವರು ಕಂಬಿಗೆ ಸುತ್ತಿಕೊಂಡು ತೊಟ್ಟಿಕ್ಕುತ್ತಿತ್ತು. ಅದನ್ನು ಕೆರೆದು ತೆಗೆಯಲು ಹಿಡಿದ ಮುಕ್ಕಾಲು ಗಂಟೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಮ್ಮ ಆಡಿದ ಮಾತನ್ನಂತೂ ಬರೆಯುವ ಹಾಗೇ ಇಲ್ಲ.

ಒಂಬತ್ತು ಗಂಟೆಗೆ ಪಾಸ್ತಾ ಆಯಿತು. ಮೇಲೆ ಚೀಸ್ ಹೊಂಬಣ್ಣಕ್ಕೆ ತಿರುಗಿತ್ತು. "ಸೂಪರ್ ಅಪ್ಪ, ಆದ್ರೆ ಸಂಡಿಗೆ ವಾಸನೆ ಯಾಕೆ?" ಅಂತ ಕೇಳುತ್ತಲೇ ಮಗಳು ಎರಡು ಸಲ ಹಾಕಿಸಿಕೊಂಡಳು. ಕೈ ತೊಳೆದ ಮೇಲೆ ಅವಳಿಗೆ ನೆನಪಾಯಿತು. ಬೆಳಗ್ಗೆ ರಾಜ್ಯೋತ್ಸವಕ್ಕೆ ಕರ್ನಾಟಕದ ಭೂಪಟ ಒಯ್ಯಬೇಕು. ಜಿಲ್ಲೆಗಳನ್ನೆಲ್ಲ ಬಣ್ಣದ ಕಾಗದದಲ್ಲಿ ಕತ್ತರಿಸಿ ಆಗಿದೆ. ಗಮ್ ಖಾಲಿ, ಅಂಗಡಿ ಬಂದ್.

ಅಮ್ಮ ಮಾತಾಡಲಿಲ್ಲ. ಎದ್ದು ಹೋಗಿ ಗಂಟಿನ ಪಾತ್ರೆ ತಂದು ಟೀ ಸೋಸುವ ಜಾಲರಿಯಲ್ಲಿ ಒತ್ತಿ ಒತ್ತಿ ಸೋಸಿಕೊಟ್ಟರು. ನಾನು ಹೈಸ್ಕೂಲಿನಲ್ಲಿದ್ದಾಗ 20 ಜಿಲ್ಲೆ ಇದ್ದವು. 2021ರಲ್ಲಿ ವಿಜಯನಗರವೂ ಸೇರಿ ಈಗ 31. ಹತ್ತೂವರೆಯವರೆಗೆ ಕೂತು ಅಂಟಿಸಿದೆವು. ಎಳೆದರೂ ಬರದಷ್ಟು ಗಟ್ಟಿಯಾಗಿ ಕೂತಿತು. ಆ ಸಾಸಿನ ಮೇಲೆ ನನಗೆ ಮೊದಲ ಬಾರಿಗೆ ಹೆಮ್ಮೆಯಾಯಿತು.

ಬೆಳಗ್ಗೆ ಮಗಳು ಕಿರುಚಿದ್ದು ಕೇಳಿ ಓಡಿದೆ. ಬೀದರಿನಿಂದ ಹೊರಟ ಇರುವೆ ಸಾಲು ಗಡಿ ಹಿಡಿದು ರಾಯಚೂರು ದಾಟಿ ಬಳ್ಳಾರಿಗೆ ಬಂದಿತ್ತು. ಇನ್ನೊಂದು ತಂಡ ಕಾರವಾರದ ಕಡೆಯಿಂದ ಒಳಗೆ ನುಗ್ಗಿತ್ತು. ಎರಡೂ ಸೇರಿದ್ದ ದಾವಣಗೆರೆಯಲ್ಲಿ ಮಾತ್ರ ಕಾಗದವೇ ಕಾಣುತ್ತಿರಲಿಲ್ಲ.

"ಬೆಣ್ಣೆ ಎಲ್ಲಿ ಜಾಸ್ತಿ ಅಂತ ಅವಕ್ಕೂ ಗೊತ್ತು ನೋಡು" ಅಂದರು ಅಮ್ಮ.

ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಮಗಳು ಕೆನ್ನೆ ಉಬ್ಬಿಸಿ ಜೋರಾಗಿ ಊದಿದಳು. ಅರ್ಧ ಇರುವೆಗಳು ಚಿತ್ರದುರ್ಗಕ್ಕೆ ಹೋದವು.